ಹನ್ನೆರಡು ಮೇಕೆಗಳ ಚಳಿ

ನನ್ನ ಭಾವ ಮಾಮಿರ್ ಅವರನ್ನು ದಾರಿಯಲ್ಲಿ ಕಂಡು "ಹೇಗಿದ್ದೀರಿ?" ಎಂದು ಕೇಳಿ ನೋಡಿ. ಚೆನ್ನಾಗಿದ್ದೇನೆ ಎನ್ನುವ ಉತ್ತರ ನಿಮ್ಮ ಹಣೆಯಲ್ಲಿ ಬರೆದಿಲ್ಲ. "ಬೆಳಿಗ್ಗೆ ನೂರ ತೊಂಬತ್ತಿತ್ತು. ಸಂಜೆಗೆ ನೂರ ಅರವತ್ತಕ್ಕೆ ಇಳಿಯುತ್ತೆ, ನೋಡ್ತಿರಿ" ಎನ್ನುತ್ತಾರೆ. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಬ್ಬರು ಇದನ್ನು ರಕ್ತದೊತ್ತಡ ಎಂದುಕೊಂಡು ಗಾಬರಿಯಿಂದ ಭಾವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದ್ದರು. ಭಾವ ಆ ಬೆಂಚಿನ ಮೇಲೇ ಕೂತು ಅವರಿಗೆ ಅರ್ಧ ಗಂಟೆ ವೋಲ್ಟಿನ ಪಾಠ ಹೇಳಿ ಬಂದರು. ಆಮೇಲೆ ಡಾಕ್ಟರಮ್ಮ ಇವರನ್ನು ಕಂಡರೆ ರಸ್ತೆಯ ಆ ಕಡೆಗೆ ದಾಟುತ್ತಿದ್ದರು.

ಅಕ್ಕನ ಗಂಡನನ್ನು ಕಿಚಾಯಿಸುವುದು ನಮ್ಮ ಕಡೆ ನಾದಿನಿಯ ಹಕ್ಕು. ಏನಂದರೂ ಅವರು ಮುಖ ಊದಿಸಿಕೊಳ್ಳುವಂತಿಲ್ಲ. ಬುರುಲಕ್ಕನ ಮದುವೆಯಾದಾಗಿನಿಂದ ನಾನು ಈ ಹಕ್ಕನ್ನು ಒಂದು ದಿನವೂ ಧೂಳು ಹಿಡಿಯಲು ಬಿಟ್ಟಿಲ್ಲ. ಹಾಗಾಗಿ ಇಲ್ಲಿ ನಾನು ಸ್ವಲ್ಪ ಹೆಚ್ಚು ಹೇಳಿದೆ ಅನ್ನಿಸಿದರೆ, ಅದೂ ನನ್ನ ಹಕ್ಕಿನಲ್ಲೇ ಸೇರಿದ್ದು.

ಭಾವನದು ಕರೆಂಟ್ ಆಫೀಸಿನಲ್ಲಿ ಕಂಬ ಹತ್ತುವ ಕೆಲಸ. ಬೇರೆ ಗಂಡಸರು ನಶ್ಯದ ಡಬ್ಬಿ ಇಟ್ಟುಕೊಳ್ಳುವ ಜೇಬಿನಲ್ಲಿ ಇವರು ಮೀಟರ್ ಇಟ್ಟುಕೊಳ್ಳುತ್ತಿದ್ದರು. ನೋಡಲು ಇಕ್ಕಳದ ಹಾಗಿತ್ತು. ಬಾಯಿ ತೆರೆದು ತಂತಿಯನ್ನು ಕಚ್ಚಿಸಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ಮುಳ್ಳು ತೋರಿಸುತ್ತಿತ್ತು. ಅದರ ಎರಡು ಕಡ್ಡಿಗಳನ್ನು ಪ್ಲಗ್ಗಿನ ತೂತಿಗೆ ಚುಚ್ಚಿದರೆ ವೋಲ್ಟು. "ವೋಲ್ಟನ್ನ ಆಂಪಿಯರ್‌ನಿಂದ ಭಾಗಿಸು, ವಸ್ತು ಎಷ್ಟು ತಡೀತಿದೆ ಅಂತ ಓಮ್ ಸಿಗುತ್ತೆ. ಅವೆರಡನ್ನೂ ಗುಣಿಸು, ಎಷ್ಟು ದುಡೀತಿದೆ ಅಂತ ವ್ಯಾಟ್ ಸಿಗುತ್ತೆ. ಒಂದು ಭಾಗಾಕಾರ, ಒಂದು ಗುಣಾಕಾರ. ಪ್ರಪಂಚ ಇಷ್ಟೇ ಅನಾರ್!" ಎಂದು ನನಗೆ ಹೇಳುತ್ತಿದ್ದರು. "ಹಾಗಾದ್ರೆ ಅಕ್ಕನ ಕೋಪಕ್ಕೆ ಎಷ್ಟು ಓಮ್ ಭಾವ?" ಎಂದು ನಾನು ಕೇಳುತ್ತಿದ್ದೆ. "ಆ ಮೀಟರ್ ಇನ್ನೂ ಬಂದಿಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಹೊಸ ಅಳಿಯನಾಗಿ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದ ದಿನ ಅಮ್ಮ ಕೊಬ್ಬಿದ ಕುರಿ ಕಡಿಸಿದ್ದರು. ಎಂಥ ಮಾಂಸ, ಎಂಥ ಸಾರು! ಅಳಿಯ ದೇವರು ಮಾತ್ರ ತಲೆ ಮೇಲೆತ್ತಿ ಬಲ್ಬನ್ನೇ ನೋಡುತ್ತಾ, "ಅತ್ತೆ, ಇದು ನೂರು ವ್ಯಾಟಿನ ಬಲ್ಬು. ಆದ್ರೆ ಉರೀತಿರೋದು ಬರೀ ಅರವತ್ತೇಳು" ಎಂದರು. ಪಾಪ, ಅಮ್ಮನಿಗೆ ಅವಮಾನವಾಗಿ ಮರುದಿನವೇ ಹೊಸ ಬಲ್ಬು ತಂದರು. "ಇದೂ ಅರವತ್ತೇಳೇ" ಎಂದರು ಭಾವ. "ಬಲ್ಬಿಂದೇನೂ ತಪ್ಪಿಲ್ಲ ಅತ್ತೆ. ವೋಲ್ಟು ಬಿದ್ದರೆ ಆಂಪಿಯರೂ ಜೊತೆಗೇ ಬೀಳುತ್ತೆ. ಎರಡೂ ಬಿದ್ದಾಗ ಗುಣಾಕಾರಕ್ಕೆ ಎರಡು ಏಟು. ವೋಲ್ಟು ಹತ್ರತ್ರ ಐದರಲ್ಲೊಂದು ಪಾಲು ಕಮ್ಮಿಯಾದ್ರೆ ಬೆಳಕು ಮೂರರಲ್ಲೊಂದು ಪಾಲು ಹೋಯ್ತು ಅಂತ್ಲೇ ಲೆಕ್ಕ." ಅಮ್ಮ ಅಡುಗೆಮನೆಗೆ ಬಂದು ಅಕ್ಕನ ಕಿವಿಯಲ್ಲಿ, "ಒಳ್ಳೆಯವನೇ ಕಣೇ, ಆದ್ರೆ ಸುಮ್ನಿರೋದು ಕಲಿಸು" ಎಂದರು. ಅಕ್ಕ ಅಂದಿನಿಂದ ಕಲಿಸುತ್ತಲೇ ಇದ್ದಳು.

ಅವರ ಒಬ್ಬಳೇ ಮಗಳು ಜಿಪಾರ್. ಇಡೀ ಓಣಿಯಲ್ಲಿ ಭಾವನ ಲೆಕ್ಕವನ್ನು ಕೊನೆಯವರೆಗೂ ಕೇಳುವ ಜೀವವೆಂದರೆ ಅದೊಂದೇ. ಮಾತು ಬರುವ ಮೊದಲೇ ಆ ಮೀಟರಿನ ಮುಳ್ಳಿನ ಜೊತೆ ಆಡಿದವಳು. ದಿನಾ ಸಂಜೆ ಬೇಕರಿ ಕೆಲಸ ಮುಗಿಸಿ ಬಂದು, ಬೂಟಿನ ಹಿಮ ಕೊಡವುತ್ತಾ ಬಾಗಿಲಲ್ಲೇ, "ಅಪ್ಪಾ, ಎಷ್ಟಿದೆ?" ಎಂದು ಕೇಳುವಳು. ಭಾವ ಹೇಳುವರು. ಅವಳು ಬಾಯಲ್ಲೇ ಗುಣಿಸಿ ವ್ಯಾಟ್ ಹೇಳುವಳು. ಒಮ್ಮೊಮ್ಮೆ ಬೇಕೆಂದೇ ತಪ್ಪು ಹೇಳುವಳು. ಅದನ್ನು ತಿದ್ದುವ ಸುಖ ಅಪ್ಪನಿಗೆ ಸಿಗಲಿ ಎಂದು.

ಇದು ತೊಂಬತ್ತರ ದಶಕದ ಮಾತು. ಆ ಚಳಿಗಾಲ ನಮ್ಮ ಗುಡ್ಡಗಾಡಿನ ಊರು ನಾರಿನ್‌ಗೆ ಒಲೆ ಉರಿಸುವ ಕಲ್ಲಿದ್ದಲು ಬರಲಿಲ್ಲ. ಆಗ ಎಲ್ಲರ ಮನೆಯಲ್ಲೂ ಮೇಕೆಗಳು ಹುಟ್ಟಿಕೊಂಡವು. ದಪ್ಪ ಕೊಳವೆಯೊಂದಕ್ಕೆ ಕಬ್ಬಿಣದ ನಾಲ್ಕು ಕಾಲು ಕೂರಿಸಿ, ಮೈಗೆ ಸುರುಳಿ ತಂತಿ ಸುತ್ತಿ ಪ್ಲಗ್ಗಿಗೆ ಸಿಕ್ಕಿಸಿದರೆ ತಂತಿ ಕೆಂಪಗೆ ಕಾದು ಕೋಣೆ ಬೆಚ್ಚಗಾಗುತ್ತದೆ. ಕಾಲು ಚಾಚಿ ನಿಂತ ಅದರ ಆಕಾರ ನೋಡಿ ಎಲ್ಲರೂ ಅದನ್ನು ಮೇಕೆ ಎಂದೇ ಕರೆಯುತ್ತಿದ್ದೆವು. ಓಣಿಯ ಮೇಕೆಗಳನ್ನೆಲ್ಲ ಭಾವನೇ ಕಟ್ಟಿಕೊಟ್ಟಿದ್ದರು. ಎಲ್ಲವೂ ಒಂದೇ ಅಳತೆ. ಇಪ್ಪತ್ತನಾಲ್ಕು ಓಮ್. ವೋಲ್ಟು ಪೂರ್ತಿ ಇನ್ನೂರಿಪ್ಪತ್ತು ಇದ್ದರೆ ಒಂದೊಂದೂ ಎರಡು ಸಾವಿರ ವ್ಯಾಟ್ ದುಡಿಯಬೇಕು. ಆದರೆ ಪೂರ್ತಿ ಇರಬೇಕಲ್ಲ! ಓಣಿಯ ಆ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್, ಈ ತುದಿಯಲ್ಲಿ ಭಾವನ ಮನೆ, ನಡುವೆ ಯಾವ ಕಾಲದ್ದೋ ತುಕ್ಕು ಹಿಡಿದ ಕಬ್ಬಿಣದ ತಂತಿ. ಊರಿಗೆಲ್ಲ ಕರೆಂಟ್ ಹಂಚುವವನ ಮನೆಯಲ್ಲೇ ಎಲ್ಲರಿಗಿಂತ ಮಂಕು ದೀಪ ಎಂದು ನಾವು ನಗುತ್ತಿದ್ದೆವು.

ಆ ಚಳಿಗಾಲದಲ್ಲೇ ಗುಡ್ಡದಾಚೆಯ ಅತ್‌ಬಾಶಿಯಿಂದ ಜಿಪಾರ್‌ಗೆ ಸಂಬಂಧ ಬಂತು. ಹುಡುಗ ಮೆದೆರ್. ಇವಳಿಗೆ ಅವನೆಂದರೆ ಪ್ರಾಣ. ಎಲ್ಲ ಮಾತೂ ಆಗಿತ್ತು. ಗಂಡಿನ ಕಡೆಯವರು ಬಂದು ಹುಡುಗಿಯ ಕಿವಿಗೆ ಓಲೆ ಹಾಕುವುದೊಂದು ಬಾಕಿ. ಹಾಕಿದರೆ ಸಂಬಂಧ ಗಟ್ಟಿ, ಹಾಕದೆ ಎದ್ದರೆ ಮುರಿದಂತೆ. ಹಾಕಬೇಕಾದವರು ಮೆದೆರ್‌ನ ಅಜ್ಜಿ ಬಾತಿಮಾ. ಆ ಅಜ್ಜಿಯ ಹೆಸರು ಗುಡ್ಡ ದಾಟಿ ನಮ್ಮ ತನಕ ಬಂದಿತ್ತು. ಹಿಂದೆ ದೊಡ್ಡ ಮೊಮ್ಮಗನಿಗೆ ಹೆಣ್ಣು ನೋಡಲು ಹೋದಾಗ ಓಲೆ ಕೈಜಾರಿ ಕೆಳಗೆ ಬಿತ್ತಂತೆ. ಅಪಶಕುನ ಎಂದು ಅಜ್ಜಿ ಅದನ್ನು ಎತ್ತಿ ಗಂಟು ಕಟ್ಟಿಕೊಂಡು, ಟೀ ಕೂಡ ಕುಡಿಯದೆ ವಾಪಸ್ಸು ಹೊರಟರಂತೆ. ಇದನ್ನು ಕೇಳಿದ ದಿನದಿಂದ ಜಿಪಾರ್‌ಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬೀಗರು ಬರುತ್ತಾರೆಂದರೆ ನಮ್ಮಲ್ಲಿ ಅದು ಒಂದು ಮನೆಯ ವಿಷಯವಲ್ಲ, ಇಡೀ ಓಣಿಯ ಮಾನದ ಪ್ರಶ್ನೆ. ಒಬ್ಬರು ಬಟ್ಟಲು ತರುತ್ತಾರೆ, ಒಬ್ಬರು ರಜಾಯಿ ತರುತ್ತಾರೆ. ಆ ಸಲ ಎಲ್ಲರೂ ಮೇಕೆ ತಂದರು. ಅಕ್ಕನ ಹೊಸ ಹಜಾರಕ್ಕೆ ಒಲೆ ಇರಲಿಲ್ಲ. ಗೋಡೆಗೆ ತೂಗುಹಾಕಿದ ಕಸೂತಿ ಬಟ್ಟೆಗೆ ಮಸಿ ಹಿಡಿಯುತ್ತದೆಂದು ಅವಳೇ ಬೇಡವೆಂದಿದ್ದಳು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗೋಡೆಯುದ್ದಕ್ಕೂ ಹನ್ನೆರಡು ಮೇಕೆಗಳು ಸಾಲಾಗಿ ನಿಂತಿದ್ದವು.

ಭಾವ ಬಾಗಿಲಲ್ಲಿ ನಿಂತು ಎಣಿಸಿದರು. ತುಟಿ ಅಲ್ಲಾಡತೊಡಗಿತು. ಲೆಕ್ಕ ಶುರುವಾಯಿತೆಂದು ನನಗೆ ಗೊತ್ತಾಯಿತು.

"ಬುರುಲ್, ಇಷ್ಟು ಬೇಡ ಕಣೆ. ನಾಲ್ಕು ಸಾಕು. ಎಂಟು ವಾಪಸ್ ಕಳಿಸು" ಎಂದರು.

"ವಾಪಸ್ಸಾ!" ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಯಾರದ್ದು ಕಳಿಸ್ಲಿ? ಪಕ್ಕದ್ಮನೆ ಸೈಲ್ ಚಿಕ್ಕಮ್ಮಂದಾ? ನನ್ನ ಮೇಕೆ ನಿನ್ನ ಬೀಗರಿಗೆ ಸಾಲ್ದಾ ಅಂತ ಸಾಯೋ ತನಕ ಹಂಗಿಸ್ತಾಳೆ. ತಂದವರೆಲ್ಲ ಸಂಜೆ ಬಂದು ಮೊದ್ಲು ನೋಡೋದೇ ತಮ್ಮದು ಕೆಂಪಗಿದ್ಯಾ ಇಲ್ವಾ ಅಂತ."

"ಅಲ್ವೇ, ತಂತಿ ತಡೀಬೇಕಲ್ಲ? ಅದೇ ಮೂರು ಓಮ್ ಇದೆ…"

"ರೀ! ಇವತ್ತೊಂದು ದಿನ, ಒಂದೇ ಒಂದು ದಿನ, ನಿಮ್ಮ ಬಾಯಲ್ಲಿ ವೋಲ್ಟು ಓಮು ಬರಕೂಡದು. ಮನೆಗೆ ಮಗಳನ್ನ ಕೇಳೋಕೆ ಬರ್ತಿದ್ದಾರೆ, ಮೀಟರ್ ನೋಡೋಕಲ್ಲ. ರೊಟ್ಟಿ ಮುಟ್ಟಿ ಆಣೆ ಮಾಡಿ."

ಭಾವ ರೊಟ್ಟಿ ಮುಟ್ಟಿದರು. ನಾನು ತಲೆವಸ್ತ್ರದ ತುದಿಯನ್ನು ಬಾಯಿಗೆ ಹಿಡಿದು ನಕ್ಕೆ. ಈ ಮನುಷ್ಯ ಹಿಂದೆಯೂ ಎಷ್ಟೋ ಸಲ ರೊಟ್ಟಿ ಮುಟ್ಟಿ ಇದೇ ಆಣೆ ಮಾಡಿದ್ದರು. ಒಂದು ಸಲವೂ ಆ ರೊಟ್ಟಿ ಅರಗುವವರೆಗೆ ಆಣೆ ಉಳಿದಿರಲಿಲ್ಲ. ಹನ್ನೆರಡರ ಭಾರಕ್ಕೆ ಫ್ಯೂಸ್ ಹಾರಬಾರದೆಂದು ಅದರ ಜಾಗಕ್ಕೆ ಬೆರಳು ದಪ್ಪದ ತಂತಿ ಹಾಕಿಸಿಕೊಂಡೇ ಅಕ್ಕ ಅವರನ್ನು ಬಿಟ್ಟಳು. ಕಾನೂನಿಗೆ ವಿರುದ್ಧ ಎಂದು ಗೊಣಗಿದರು. ಅದಕ್ಕೂ ಬೈಸಿಕೊಂಡರು.

ಕಣಿವೆಯಲ್ಲಿ ಹಿಮ ಬಿದ್ದಿದ್ದರಿಂದ ಬೀಗರು ತಡವಾಗಿ ಬಂದರು. ಬಾತಿಮಾ ಅಜ್ಜಿ, ಅವರ ಮಗ ಕಾಸಿಮ್, ಅಂದರೆ ಹುಡುಗನ ಅಪ್ಪ, ಮತ್ತೆ ಒಂದು ಗಾಡಿ ತುಂಬ ನೆಂಟರು. ಅಜ್ಜಿ ಕಡ್ಡಿಯಂತೆ ಸಣ್ಣಗಿದ್ದರು, ಆದರೆ ಕಣ್ಣು ಎಲ್ಲವನ್ನೂ ತೂಗುತ್ತಿತ್ತು. ಅವರನ್ನು ಬಾಗಿಲಿಂದ ದೂರದ ಗೌರವದ ಜಾಗದಲ್ಲಿ ಕೂರಿಸಿದೆವು. ಜಿಪಾರ್ ಮೂಲೆಯ ಪರದೆಯ ಹಿಂದೆ ಕೂತಳು. ಕಿವಿಗೆ ಓಲೆ ಹಾಕುವ ತನಕ ಹುಡುಗಿ ಮಾತಾಡುವಂತಿಲ್ಲ. ಭಾವ ಮನೆಯ ಯಜಮಾನನ ಜಾಗದಲ್ಲಿ, ಬಾಗಿಲ ಬಳಿ, ಬಾಯಿಗೆ ಬೀಗ ಹಾಕಿಕೊಂಡು ಕೂತರು.

ಅಂಗಳದ ಕಟ್ಟಿಗೆ ಒಲೆಯಲ್ಲಿ ಬೆಂದ ಮಾಂಸದ ಊಟವೇನೋ ಚೆನ್ನಾಗಿಯೇ ಆಯಿತು. ಹೊತ್ತು ಇಳಿಯುತ್ತಿದ್ದಂತೆ ಅಕ್ಕ ಹನ್ನೆರಡು ಮೇಕೆಗಳನ್ನೂ ಒಟ್ಟಿಗೆ ಹಚ್ಚಿಸಿದಳು. ಅಯ್ಯೋ ದೇವರೇ! ತಲೆಯ ಮೇಲಿನ ಬಲ್ಬು ಹಣ್ಣು ಮುದುಕನ ಹಾಗೆ ಸೊರಗಿ, ಕೆಂಡದ ಬಣ್ಣಕ್ಕೆ ತಿರುಗಿತು. ಮೇಕೆಗಳೂ ಕೆಂಪಾಗಲಿಲ್ಲ, ಕಪ್ಪಗೇ ಇದ್ದುಕೊಂಡು ಮುಟ್ಟಿದರೆ ಬಿಸಿ ಅನ್ನುವಷ್ಟು ಮಾತ್ರ ಕಾದವು. ಟೀಗೆ ನೀರು ಕಾಯಿಸುವ ಅಕ್ಕನ ಹೆಮ್ಮೆಯ ಕರೆಂಟ್ ಸಮೋವಾರ್ ಸದ್ದೇ ಮಾಡಲಿಲ್ಲ. ಹೊರಗೆ ಕತ್ತಲಾಗುತ್ತಿತ್ತು, ಒಳಗೂ ಕತ್ತಲಾಯಿತು. ಅಜ್ಜಿ ಕುರಿ ಚರ್ಮದ ಅಂಗಿಯನ್ನು ಕುತ್ತಿಗೆವರೆಗೆ ಎಳೆದುಕೊಂಡರು.

ಅಕ್ಕ ನನ್ನ ಪಕ್ಕಕ್ಕೆ ಬಂದು, "ಅನಾರ್, ಇನ್ನೂ ಎರಡು ಮೇಕೆ ಎಲ್ಲಾದ್ರೂ ಸಿಗುತ್ತಾ?" ಎಂದು ಪಿಸುಗುಟ್ಟಿದಳು.

ನಾನು ಭಾವನ ಕಡೆ ನೋಡಿದೆ. ಈಗ ಆಣೆ ಮುರಿಯುತ್ತಾರೆ, ಈಗ ಎದ್ದು ನಿಲ್ಲುತ್ತಾರೆ ಎಂದು ಕಾದೆ. ಆ ಮಬ್ಬಿನಲ್ಲಿ ಅವರ ಮುಖ ಕಾಣಲಿಲ್ಲ. ಕಲ್ಲಿನ ಹಾಗೆ ಕೂತಿದ್ದರು.

ಅಜ್ಜಿ ಸೊಂಟದ ಗಂಟು ಬಿಚ್ಚಿ ಬೆಳ್ಳಿಯ ಓಲೆಗಳನ್ನು ತೆಗೆದರು. ಪರದೆ ಸರಿಸಿ ಜಿಪಾರ್‌ಳನ್ನು ಎದುರಿಗೆ ಕೂರಿಸಿದೆವು. ಅಜ್ಜಿ ಅವಳ ಕಿವಿಯನ್ನು ಬೆರಳಿನಿಂದ ತಡಕಿದರು. ಚಳಿಗೆ ಬೆರಳು ಮರಗಟ್ಟಿತ್ತು. ಓಲೆಯ ಕೊಕ್ಕೆ ಒಮ್ಮೆ ಕಿವಿಯ ಮೇಲೆ ಚುಚ್ಚಿತು, ಒಮ್ಮೆ ಕೆನ್ನೆಗೆ ತಾಗಿತು. ಮೂರನೇ ಸಲ ಬೆರಳಿನಿಂದ ಜಾರಿ, ಜಿಪಾರ್‌ಳ ಮಡಿಲಲ್ಲಿ ಬಿತ್ತು. ನೆಲ ಮುಟ್ಟಲಿಲ್ಲ, ಪುಣ್ಯ. ಆದರೂ ಹೆಂಗಸರೆಲ್ಲ ಮುಂದಕ್ಕೆ ಬಗ್ಗಿದರು.

"ಮೊಂಬತ್ತಿ ತರ್ಲಾ?" ಎಂದು ನೆಂಟರ ಹೆಂಗಸೊಬ್ಬಳು ಬಾಯಿಬಿಟ್ಟಳು.

"ಥೂ, ಬಿಡ್ತು ಅನ್ನು!" ಸೈಲ್ ಚಿಕ್ಕಮ್ಮ ಗದರಿದರು. "ಮೊಂಬತ್ತಿ ಹಚ್ಚೋಕೆ ಇದೇನು ಸಾವಿನ ಮನೆನಾ?"

ಬಾತಿಮಾ ಅಜ್ಜಿ ಓಲೆಯನ್ನು ಮಡಿಲಿನಿಂದ ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡರು. ಬಾಗಿಲ ಕಡೆಗೆ ತಿರುಗಿದರು.

"ಬೀಗರೇ, ಬಂದಾಗಿನಿಂದ ನೋಡ್ತಿದ್ದೀನಿ. ನೀವು ತುಂಬಾ ಮಾತಾಡೋರು ಅಂತ ಕೇಳಿದ್ದೆ. ಇಲ್ಲಿ ನೋಡಿದ್ರೆ ಒಂದು ಮಾತಿಲ್ಲ, ಕತೆಯಿಲ್ಲ. ಮನೆ ಚಳಿ, ದೀಪ ಮಂಕು, ಯಜಮಾನ್ರು ಮೌನ. ಹೆಣ್ಣು ಕೊಡೋಕೆ ಮನಸ್ಸಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ನಾನು ಬೇಜಾರು ಮಾಡ್ಕೊಳಲ್ಲ. ಓಲೆ ಗಂಟು ಕಟ್ಕೊಂಡು ಎದ್ದು ಹೋಗ್ತೀನಿ."

"ಅಯ್ಯೋ, ಹಾಗಲ್ಲಮ್ಮ, ನಾನೇ ಅವರಿಗೆ ಆಣೆ ಹಾಕಿ…" ಅಕ್ಕ ಅರ್ಧಕ್ಕೇ ನಿಲ್ಲಿಸಿ ಗಂಡನ ಕಡೆ ತಿರುಗಿದಳು. ಭಾವ ಆಗಲೂ ಮಾತಾಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇಡೀ ಜನ್ಮ ಬೇಡದಾಗ ಬಡಬಡಿಸಿದ ಮನುಷ್ಯ, ಬೇಕಾದಾಗ ಒಂದು ಮಾತು ಆಡಬಾರದೇ!

ಆಗ ಜಿಪಾರ್ ಬಾಯಿ ತೆರೆದಳು. ತೆರೆಯಬಾರದಿತ್ತು, ಆದರೂ ತೆರೆದಳು. ದಿನಾ ಬೂಟಿನ ಹಿಮ ಕೊಡವುತ್ತಾ ಕೇಳುವ ದನಿಯಲ್ಲೇ ಕೇಳಿದಳು.

"ಅಪ್ಪಾ, ಎಷ್ಟಿದೆ?"

ಬಾಗಿಲ ಬಳಿಯ ಕತ್ತಲಲ್ಲಿ ಜೇಬು ತಡಕಿದ ಸದ್ದಾಯಿತು. ಆಮೇಲೆ ಪ್ಲಗ್ಗಿಗೆ ಕಡ್ಡಿ ಚುಚ್ಚಿದ ಸದ್ದು, ಮೀಟರ್ ತಂತಿಯನ್ನು ಕಚ್ಚಿದ ಸದ್ದು ಕೇಳಿಸಿತು. ಮುಳ್ಳು ಓದಲು ಭಾವ ಮೂಗನ್ನು ಅದಕ್ಕೇ ತಾಗಿಸಿಕೊಂಡಿರಬೇಕು.

"ಎಂಬತ್ತೆಂಟು ವೋಲ್ಟು" ಎಂದರು. ದನಿ ಒಡೆದಿತ್ತು. "ನಲವತ್ನಾಲ್ಕು ಆಂಪಿಯರ್."

"ಭಾಗಿಸಿದ್ರೆ ಎರಡು ಓಮ್" ಎಂದಳು ಜಿಪಾರ್.

"ಹೂಂ. ಹನ್ನೆರಡು ಮೇಕೆ ಒಟ್ಟಿಗೆ ಮೇಯೋಕೆ ನಿಂತ್ರೆ ಎರಡೇ ಓಮ್. ಗುಣಿಸು."

"ನಾಲ್ಕು ಸಾವಿರ ವ್ಯಾಟ್."

"ಮೂರು ಸಾವಿರದ ಎಂಟುನೂರ ಎಪ್ಪತ್ತೆರಡು" ಎಂದು ಭಾವ ತಿದ್ದಿದರು. ತಿದ್ದಿದ್ದೇ ತಡ, ಅಣೆಕಟ್ಟು ಒಡೆಯಿತು. ಎದ್ದು ನಿಂತರು. "ಅಜ್ಜಿ, ಟ್ರಾನ್ಸ್‌ಫಾರ್ಮರ್ ಹತ್ರ ಇನ್ನೂರಿಪ್ಪತ್ತಿದೆ. ಇಲ್ಲಿ ಎಂಬತ್ತೆಂಟು. ಮಿಕ್ಕ ನೂರ ಮೂವತ್ತೆರಡು ಎಲ್ಲೋಯ್ತು? ದಾರೀಲಿ ತಂತಿ ನುಂಗ್ತು. ನೂರ ಮೂವತ್ತೆರಡು ಗುಣಿಸು ನಲವತ್ನಾಲ್ಕು. ಐದು ಸಾವಿರದ ಎಂಟುನೂರು ವ್ಯಾಟ್! ನಿಮಗೆ ಕೊಟ್ಟಿದ್ದಕ್ಕಿಂತ ಹೆಚ್ಚು ಶಾಖ ನಾವು ಬೀದೀಲಿ ಕಾಗೆ ಕಾಲಿಗೆ ಕೊಡ್ತಿದ್ದೀವಿ. ಬೇಕಾದ್ರೆ ಕಿಟಕಿ ಹತ್ರ ಬಂದು ನೋಡಿ, ಊರೆಲ್ಲ ಹೆಪ್ಪುಗಟ್ಟಿದೆ, ನಮ್ಮ ತಂತಿ ಮೇಲಿನ ಹಿಮ ಮಾತ್ರ ಕರಗಿ ತೊಟ್ಟಿಕ್ತಿದೆ."

ಎಲ್ಲರೂ ಕಿಟಕಿಗೆ ಮುತ್ತಿದರು. ನಿಜವಾಗಿಯೂ ಓಣಿಯುದ್ದಕ್ಕೂ ತಂತಿ ತೊಟ್ಟಿಕ್ಕುತ್ತಿತ್ತು.

"ಈಗ ಏನ್ಮಾಡ್ಬೇಕು?" ಎಂದರು ಅಜ್ಜಿ.

"ಎಂಟು ಆರಿಸ್ಬೇಕು. ನಾಲ್ಕೇ ಸಾಕು. ಹನ್ನೆರಡು ಕೊಡೋ ಶಾಖಾನ ಹತ್ರತ್ರ ಅವೇ ಕೊಡ್ತವೆ. ದೀಪಾನೂ ಬರುತ್ತೆ."

"ನಂದು ಆರಿಸೋ ಹಾಗಿಲ್ಲ!" ಎಂದು ಸೈಲ್ ಚಿಕ್ಕಮ್ಮ ಗೋಡೆ ಕಡೆ ಓಡಿದರು. ಇನ್ನಿಬ್ಬರು ಹೆಂಗಸರೂ ತಮ್ಮ ತಮ್ಮ ಮೇಕೆಗಳ ಮುಂದೆ ನಿಂತುಕೊಂಡರು.

"ಮೊದ್ಲು ನನ್ನ ಪಕ್ಕದ್ದನ್ನೇ ಆರಿಸು" ಎಂದು ಅಜ್ಜಿ ಮಗನಿಗೆ ಹೇಳಿದರು. "ಅತಿಥಿದೇ ಆರಿದ ಮೇಲೆ ಇನ್ಯಾರು ಬಾಯಿಬಿಡ್ತಾರೆ ನೋಡೋಣ. ಉಳಿದ ನಾಲ್ಕನ್ನ ನಡುವೆ ತಂದಿಡಿ. ಗೌರವದ ಜಾಗ ಗೀಗ ಎಲ್ಲ ಸಾಕು, ಹತ್ತಿರ ಬಂದು ಕೂತ್ಕೊಳ್ಳಿ."

ಒಂದೊಂದು ಪ್ಲಗ್ಗು ಕಿತ್ತಂತೆ ಬಲ್ಬು ಒಂದೊಂದು ಮೆಟ್ಟಿಲು ಹತ್ತಿ ಬಂತು. ಉಳಿದ ಮೇಕೆಗಳ ತಂತಿ ಕೆಂಪೇರಿತು. ಸಮೋವಾರ್ ಗುನುಗಲು ಶುರು ಮಾಡಿತು. ಎಲ್ಲರೂ ನಾಲ್ಕು ಮೇಕೆಗಳ ಸುತ್ತ ಭುಜಕ್ಕೆ ಭುಜ ತಾಗಿಸಿ ಕೂತರು. ಮೊಣಕಾಲು ಮೊದಲ ಸಲ ಬೆಚ್ಚಗಾಯಿತು. "ಭಾವ, ಕೊನೆಗೂ ನಿಮ್ಮ ಲೆಕ್ಕ…" ಎಂದು ಕಿಚಾಯಿಸಲು ನಾನು ಬಾಗಿಲ ಕಡೆ ತಿರುಗಿದೆ.

ಭಾವನ ಮುಖವೆಲ್ಲ ಒದ್ದೆಯಾಗಿತ್ತು. ಮೀಸೆ, ಗಡ್ಡ, ಅಂಗಿಯ ಕೊರಳು, ಎಲ್ಲವೂ. ಈಗಷ್ಟೇ ಬಂದ ಕಣ್ಣೀರಲ್ಲ ಅದು. ದೀಪ ಮಂಕಾದಾಗಿನಿಂದ ಆ ಕತ್ತಲಲ್ಲಿ ಕೂತು ಅತ್ತವರ ಮುಖ.

ಆಗ ನನಗೆ ತಿಳಿಯಿತು. ಇವರು ಯಾವತ್ತು ಆಣೆ ಉಳಿಸಿಕೊಂಡಿದ್ದರು, ಇವತ್ತು ಉಳಿಸಿಕೊಳ್ಳಲು? ಎಂಬತ್ತೆಂಟು ವೋಲ್ಟಿನಲ್ಲಿ ಕಿವಿಯ ತೂತು ಯಾರಿಗೂ ಕಾಣುವುದಿಲ್ಲ ಎಂದು ಈ ಮನೆಯಲ್ಲಿ ಗೊತ್ತಿದ್ದದ್ದು ಇವರೊಬ್ಬರಿಗೇ. ಆ ಕತ್ತಲು ಅವರಿಗೆ ಬೇಕಾಗಿತ್ತು. ಎಷ್ಟು ಹೊತ್ತು ಇದ್ದರೆ ಅಷ್ಟು ಹೊತ್ತು ಮಗಳು ಅವರ ಮನೆಯವಳೇ. ಆದರೆ ಅವಳು ಎಷ್ಟಿದೆ ಎಂದು ಕೇಳಿದಳು. ಅವಳು ಕೇಳಿದ ಮೇಲೆ ಹೇಳದೆ ಇರುವುದು ಅವರಿಗೆ ಗೊತ್ತಿರಲಿಲ್ಲ. ಛೆ, ಎಂಥ ಮನುಷ್ಯನನ್ನು ಇಷ್ಟು ವರ್ಷ ನಾನು ಕಿಚಾಯಿಸಿದೆ ಎಂದು ನನಗೂ ಕಣ್ಣು ತುಂಬಿತು.

ಬಾತಿಮಾ ಅಜ್ಜಿಯೂ ನೋಡಿದರು. ಕೈಯಲ್ಲಿದ್ದ ಓಲೆಯನ್ನು ಕಿವಿಯ ಹತ್ತಿರ ಹಿಡಿದವರು ಅಲ್ಲೇ ನಿಲ್ಲಿಸಿದರು.

"ಬೀಗರೇ, ಹಾಕ್ಲಾ?" ಎಂದು ಮೆತ್ತಗೆ ಕೇಳಿದರು.

ಭಾವ ತೋಳಿನಿಂದ ಮುಖ ಒರೆಸಿಕೊಂಡರು. ಮೀಟರ್ ನೋಡಿದರು. ಮಗಳನ್ನು ನೋಡಿದರು. "ನೂರ ನಲವತ್ತೇಳಿದೆ" ಎಂದರು. "ಕಿವಿ ಕಾಣುತ್ತೆ. ಹಾಕಿ ಅಜ್ಜಿ."

ಓಲೆ ಎರಡೂ ಕಿವಿಗೆ ಒಂದೇ ಸಲಕ್ಕೆ ಬಿದ್ದವು. ಹೆಂಗಸರು ಬಾಯಿ ತುಂಬ ಹರಸಿದರು. ಅಕ್ಕ ಒಂದು ಕಡೆ ಅಳುತ್ತಾ ಒಂದು ಕಡೆ ಟೀ ಸುರಿದಳು. ಭಾವ ಮಾತ್ರ ಕೈ ಎಲ್ಲಿಡಬೇಕೆಂದು ತಿಳಿಯದೆ ಆರಿದ ಮೇಕೆಗಳ ತಂತಿ ಸುತ್ತುತ್ತಿದ್ದರು.

ಅಜ್ಜಿ ಒಂದು ಗುಟುಕು ಟೀ ಕುಡಿದು ಬಟ್ಟಲು ಕೆಳಗಿಟ್ಟರು. "ಬೀಗರೇ, ನಮ್ಮ ಅತ್‌ಬಾಶಿ ಮನೇಲೂ ಈ ವೋಲ್ಟು ಅನ್ನೋದು ಸರಿಯಿಲ್ಲ. ತುಂಬಾ ಮಂಕು. ನಮ್ಮಲ್ಲಿ ಲೆಕ್ಕ ಬಲ್ಲೋರು ಯಾರೂ ಇಲ್ಲ. ನೀವು ಬಂದು ನೋಡ್ಬೇಕು" ಎಂದರು.

ಕಾಸಿಮ್ ಟೀ ಜೊತೆಗಿಟ್ಟ ಕರಿದ ಹಿಟ್ಟಿನ ಬೋರ್ಸೋಕ್ ಅಗಿಯುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದ. "ಮಂಕಾ? ಏನಮ್ಮಾ ನೀನು, ಟ್ರಾನ್ಸ್‌ಫಾರ್ಮರ್ ನಮ್ಮ ಗೇಟ್ ಮುಂದೇ…"

ಅಜ್ಜಿಯ ಮೊಣಕೈ ಅವನ ಪಕ್ಕೆಗೆ ಎಷ್ಟು ಬಲವಾಗಿ ಬಿತ್ತೆಂದರೆ ಬೋರ್ಸೋಕ್ ಬಾಯಿಂದ ಹಾರಿತು.

ಭಾವ ತಂತಿ ಸುತ್ತುವುದನ್ನು ನಿಲ್ಲಿಸಿದರು. ಗೇಟ್ ಮುಂದೆಯೇ ಟ್ರಾನ್ಸ್‌ಫಾರ್ಮರ್ ಇದ್ದರೆ ಮನೆಯಲ್ಲಿ ಪೂರ್ತಿ ಇನ್ನೂರಿಪ್ಪತ್ತು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುತ್ತಿದ್ದ ತಂತಿಯನ್ನು ಕೆಳಗಿಟ್ಟು ಅಜ್ಜಿಯ ಮುಖ ನೋಡಿದರು.

"ಒಂದು ಸಲ ನೋಡಿದ್ರೆ ಗೊತ್ತಾಗಲ್ಲ ಅಜ್ಜಿ" ಎಂದರು. "ಆಗಾಗ ಬಂದು ನೋಡ್ತಿರ್ಬೇಕಾಗುತ್ತೆ."

"ಬನ್ನಿ" ಎಂದರು ಅಜ್ಜಿ. "ನಮ್ಮಲ್ಲಿ ಅದು ಯಾವತ್ತೂ ಸರಿಹೋಗಲ್ಲ."